ಮಾಳಿಗೆ ಮನಿ: ನೆರಳು ಕೊಟ್ಟ ಗ್ವಾಡಿಗೇ ಈಗ ಅಂಜಿಕಿ!

ಮೃಗಶಿರಾ ಮಳಿಯ ಮೋಡ ಪಡುವಣಕ್ಕೆ ಕಟ್ಟಿತೆಂದರೆ ಹೊಲದಲ್ಲಿ ನಿಂತ ರೈತನ ಮುಖ ಅರಳುತ್ತದೆ. ಅದೇ ರೈತ ಸಂಜೆ ಮನಿಗೆ ಬಂದು, ಪಡಸಾಲಿಯಲ್ಲಿ ಕುಂತು, ಮ್ಯಾಲಿನ ಜಂತಿಯ ಕಡೆ ಕಣ್ಣು ಹಾಯಿಸಿದನೆಂದರೆ ಅದೇ ಮುಖ ಬಾಡುತ್ತದೆ. ಹೊಲಕ್ಕ ಮಳಿ ಬೇಕು, ಮನಿಗೆ ಮಳಿ ಬ್ಯಾಡ! ಬಾಗಲಕೋಟೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಪ್ರತಿ ಮುಂಗಾರಿಗೂ ಕಾಣುವ ವಿಚಿತ್ರವಿದು.

ಕಾರಣ ಇಷ್ಟೇ. ಮನಿ ಮಣ್ಣಿನದು. ಗ್ವಾಡಿ ಮಣ್ಣಿನದು, ಮಾಳಿಗೆ ಮಣ್ಣಿನದು, ನೆಲ ಮಣ್ಣಿನದು. ಅಜ್ಜ-ಮುತ್ತಜ್ಜರ ಕಾಲದಿಂದ ನಾಲ್ಕು ತಲೆಮಾರಿಗೆ ನೆರಳು ಕೊಟ್ಟ ಮನಿ ಅದು. ಈಗ ನಾಲ್ಕು ದಿನ ಜಿಟಿಜಿಟಿ ಮಳಿ ಹಿಡಿದರೆ ಸಾಕು, ‘ಇವತ್ತ ರಾತ್ರಿ ಏನಾಕ್ಕೈತೊ’ ಎಂದು ಮನಿ ಮಂದಿ ಗ್ವಾಡಿಯಿಂದ ದೂರ ಹಾಸಿಗೆ ಹಾಸುತ್ತಾರೆ. ರಾತ್ರಿ ಮಲಗಿದವರ ಮೇಲೆ ಗೋಡೆ ಕುಸಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಹೊಸತೇನಲ್ಲ.

ಹಾಗಾದರೆ ನಮ್ಮ ಹಿರಿಯರು ದಡ್ಡರಿದ್ದರೇ? ಬೀಳುವ ಮನಿಯನ್ನೇ ಕಟ್ಟಿದರೇ? ಅಲ್ಲ. ಅವರು ಕಟ್ಟಿದ ಮನಿ ಬೇರೆ, ನಾವು ಉಳಿಸಿಕೊಂಡ ಮನಿ ಬೇರೆ. ಈ ವ್ಯತ್ಯಾಸ ತಿಳಿಯಬೇಕಾದರೆ ಒಮ್ಮೆ ಮಾಳಿಗೆ ಮನಿಯೊಳಗೆ ಹೊಕ್ಕು ಬರಬೇಕು.

*ಮರ, ಮಣ್ಣು, ಹುಲ್ಲು - ಅಷ್ಟೇ ಸಾಮಾನು!*

ಮಲೆನಾಡಿನ ಮನೆಗೆ ಇಳಿಜಾರು ಹಂಚಿನ ಮಾಡು. ಅಲ್ಲಿ ಮಳೆ ಹೆಚ್ಚು, ನೀರು ನಿಲ್ಲಬಾರದು. ನಮ್ಮ ಬಯಲುಸೀಮೆಯ ಕಥೆಯೇ ಬೇರೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಒಳಗೇ ಮಳೆ. ಬ್ಯಾಸಗಿಯಲ್ಲಿ ಮಾತ್ರ 40 ಡಿಗ್ರಿ ಆಸುಪಾಸಿನ ಉರಿ. ಇಲ್ಲಿ ಮನುಷ್ಯನಿಗೆ ಮಳೆಗಿಂತ ದೊಡ್ಡ ವೈರಿ ಬಿಸಿಲು. ಅದಕ್ಕೇ ಇಲ್ಲಿಯ ಮನಿಗೆ ಸಮತಟ್ಟಾದ ಮಾಳಿಗೆ, ದಪ್ಪ ಗ್ವಾಡಿ, ಸಣ್ಣ ಕಿಟಕಿ.

ಗ್ವಾಡಿಯ ದಪ್ಪ ಎರಡು ಅಡಿಗೆ ಕಡಿಮೆ ಇರುತ್ತಿರಲಿಲ್ಲ. ಉಳ್ಳವರ ಮನಿಯಲ್ಲಿ ಮೂರು ಅಡಿಯೂ ಉಂಟು. ಕೆಳಗೆ ಕಲ್ಲು, ಮೇಲೆ ಮಣ್ಣು. ಹಗಲಿನ ಬಿಸಿಲು ಆ ದಪ್ಪ ಗ್ವಾಡಿಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ಹೊತ್ತು ಮುಳುಗಿ ಗಾಳಿ ತಂಪಾಗಿರುತ್ತದೆ. ಅದೇ ಈ ಮನಿಯ ಗುಟ್ಟು. ಫ್ಯಾನಿಲ್ಲದ ಕಾಲದಲ್ಲಿ ಮಂದಿ ಬ್ಯಾಸಗಿಯ ಮಧ್ಯಾಹ್ನ ನಡುಮನಿಯಲ್ಲಿ ನಿದ್ದಿ ಮಾಡಿದ್ದು ಇದರ ಬಲದ ಮೇಲೆಯೇ.

ಮನಿ ಎಷ್ಟು ದೊಡ್ಡದು ಎಂದು ಕೇಳಿದರೆ ಹಳಬರು ಚದರಡಿ ಹೇಳುವುದಿಲ್ಲ. ‘ಐದಂಕಣದ ಮನಿ’, ‘ಒಂಬತ್ತಂಕಣದ ಮನಿ’ ಎನ್ನುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲಿ, ತೊಲಿಯ ಮೇಲೆ ಸಾಲಾಗಿ ಜಂತಿ. ಮನಿಯ ಭಾರವೆಲ್ಲ ಕಂಬ-ತೊಲಿಗಳ ಮೇಲೆ. ಹೀಗಾಗಿ ಎಷ್ಟೋ ಕಡೆ ಗ್ವಾಡಿ ಬಿದ್ದರೂ ಮಾಳಿಗೆ ನಿಂತಿರುವುದನ್ನು ಕಾಣಬಹುದು. ಉಳ್ಳವರದು ಸಾಗವಾನಿ ಕಂಬವಾದರೆ, ಬಡವನ ಮನಿಗೆ ಬೇವು, ಜಾಲಿ.

ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲ, ಹುಲ್ಲು. ಬೇವಿನ ತಪ್ಪಲಕ್ಕೆ ಹುಳ ಹತ್ತುವುದಿಲ್ಲ ಎಂಬ ಲೆಕ್ಕ. ಅದರ ಮೇಲೆ ಮಣ್ಣು ಹಾಕಿ, ಬಡಿದು, ತುಳಿದು ಗಟ್ಟಿ ಮಾಡಿದರೆ ಮಾಳಿಗೆ ಸಿದ್ಧ. ಮೇಲ್ಮುದ್ದಿ ಎಂದೂ ಕರೆಯುತ್ತಾರೆ.

ಮಣ್ಣಿನ ಮಾಳಿಗೆ ಸೋರದೇ ಇರುತ್ತದೆಯೇ? ಪ್ಯಾಟಿ ಮಂದಿಯ ಪ್ರಶ್ನೆ ಇದು. ಉತ್ತರ ಇರುವುದು ಮೇಲಿನ ಕಡೆಯ ಪದರಿನಲ್ಲಿ. ಹೊಲದ ಮಣ್ಣು ಅಲ್ಲಿಗೆ ಆಗುವುದಿಲ್ಲ. ಸವಳು ಮಣ್ಣೇ ಆಗಬೇಕು. ಕೆಲವು ಕಡೆ ಕರ್ಲು ಎನ್ನುತ್ತಾರೆ. ಬೆಳೆಗೆ ಬಾರದ, ಹುಲ್ಲೂ ಹುಟ್ಟದ ಉಪ್ಪು ಮಣ್ಣು. ನೀರು ಬಿದ್ದ ಕೂಡಲೆ ಈ ಮಣ್ಣು ಉಬ್ಬಿ, ಸಣ್ಣ ಕಣಗಳಾಗಿ ಬಿಡಿಸಿಕೊಂಡು, ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಕೆಳಗೆ ಇಳಿಯದೆ ಮೇಲೆಯೇ ಜಾರಿ ದೋಣಿಯ ಮೂಲಕ ಓಣಿಗೆ ಬೀಳುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರ! ಮಣ್ಣಿನ ಶಾಸ್ತ್ರ ಓದದ ರೈತನಿಗೆ ಮಣ್ಣಿನ ಗುಣ ಇಷ್ಟು ಗೊತ್ತಿತ್ತು.

ಆದರೆ ಒಂದು ಶರತ್ತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆ ಹತ್ತಬೇಕು. ಬೆಳೆದ ಹುಲ್ಲು ಕೀಳಬೇಕು, ಇಲಿ-ಹೆಗ್ಗಣದ ತೂತು ಮುಚ್ಚಬೇಕು, ಸವೆದ ಮಣ್ಣು ಕೆರೆದು ತೆಗೆದು ಹೊಸ ಸವಳು ಹಾಕಬೇಕು. ಇದು ತಪ್ಪಿದರೆ ಮನಿ ಉಳಿಯುವುದಿಲ್ಲ. ಈ ಮಾತು ನೆನಪಿರಲಿ. ಇಡೀ ಕಥೆಯ ಕೀಲು ಇಲ್ಲೇ ಇದೆ.

ಐಹೊಳೆಗೆ ಹೋದವರು ಲಾಡಖಾನ ಗುಡಿಯ ಮೇಲ್ಛಾವಣಿಯನ್ನು ನೋಡಿರಬಹುದು. ಕಲ್ಲಿನ ಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ತೊಲೆಗಳು. ಮರದ ಮನೆಯ ರೀತಿಯನ್ನೇ ಕಲ್ಲಿನಲ್ಲಿ ಕಟ್ಟಿದಂತಿದೆ ಎಂದು ಬಲ್ಲವರು ಹೇಳುತ್ತಾರೆ. ಅಂದಮೇಲೆ ಕಂಬ-ತೊಲಿಗಳ ಕಸುಬು ಈ ನೆಲದಲ್ಲಿ ಚಾಲುಕ್ಯರಷ್ಟಾದರೂ ಹಳೆಯದೆನ್ನಬೇಕು. ಅಂದಹಾಗೆ, ಆ ಗುಡಿಗೆ ಲಾಡಖಾನ ಎಂಬ ಹೆಸರು ಬಂದದ್ದೂ ಅದರಲ್ಲಿ ಸಂಸಾರ ಮಾಡಿಕೊಂಡಿದ್ದವನೊಬ್ಬನಿಂದಲೇ! ಗುಡಿಯೂ ಒಂದು ಕಾಲಕ್ಕೆ ಮನಿಯೇ ಆಗಿತ್ತು.

*ಹೊಸ್ತಿಲ ದಾಟಿದರೆ...*

ಮನಿಯ ಮುಂದೆ ಕಟ್ಟಿ. ಊರ ಸುದ್ದಿ, ಮದುವಿ ಮಾತುಕತಿ, ಜಗಳದ ಪಂಚಾಯ್ತಿ ಎಲ್ಲ ಅಲ್ಲೇ. ದಾರಿಹೋಕ ಬಂದರೂ ಕಟ್ಟಿಯ ಮೇಲೆ ಕುಂತು ಒಂದು ತಂಬಿಗಿ ನೀರು ಕುಡಿದು ಹೋಗಬಹುದು.

ತಲಬಾಗಿಲಿಗೆ ದಪ್ಪ ಚೌಕಟ್ಟು, ಅದರ ಮೇಲೆ ಬಳ್ಳಿ, ಗಿಳಿ, ಗಣಪತಿಯ ಕೆತ್ತನೆ. ಬಾಗಿಲು ಮಾತ್ರ ಗಿಡ್ಡ. ಎಂಥ ಸಾಹುಕಾರ ಬಂದರೂ ತಲಿ ಬಗ್ಗಿಸಿಯೇ ಒಳಗೆ ಬರಬೇಕು!

ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಮನುಷ್ಯರಲ್ಲ, ಎತ್ತು! ಹೌದು. ನಮ್ಮ ಕಡೆಯ ಒಕ್ಕಲಿಗನ ಮನಿಯಲ್ಲಿ ದನಕ್ಕೂ ಮಂದಿಗೂ ಒಂದೇ ಮಾಳಿಗೆ. ಬಾಗಿಲ ಹತ್ತಿರದ ತಗ್ಗಿನ ಜಾಗದಲ್ಲಿ ಗ್ವಾದಲಿ, ಅಲ್ಲಿ ದನ. ನಾಲ್ಕು ಬೆರಳೋ ಒಂದು ಮೊಳವೋ ಎತ್ತರದ ಪಡಸಾಲಿಯಲ್ಲಿ ಮಂದಿ. ರಾತ್ರಿ ಎತ್ತು ಕೆಮ್ಮಿದರೆ ಯಜಮಾನನಿಗೆ ಎಚ್ಚರ. ಕಳ್ಳಕಾಕರ ಅಂಜಿಕೆ ಇಲ್ಲ, ಚಳಿಗಾಲದಲ್ಲಿ ಬೆಚ್ಚಗಿನ ಕಾವು ಬೇರೆ. ವಾಸನಿ, ಸೊಳ್ಳಿ? ಅವೂ ಇದ್ದವು, ಸುಳ್ಳೇಕೆ?

ಪಡಸಾಲಿಯ ಆಚೆ ನಡುಮನಿ. ಅದರ ಮೂಲೆಯಲ್ಲಿ ದೇವರ ಜಗಲಿ. ಪಕ್ಕಕ್ಕೆ ಕ್ವಾಣಿ, ಹಿಂದೆ ಅಡಗಿಮನಿ, ಬಚ್ಚಲ, ಹಿತ್ತಲ. ನೆಲಕ್ಕೆ ಸಗಣಿ ಸಾರಣಿ. ಗ್ವಾಡಿಗೆ ಸುಣ್ಣ, ಕೆಳಗಿನ ಪಟ್ಟಿಗೆ ಹುರಮಂಜು. ಗ್ವಾಡಿಯ ದಪ್ಪದಲ್ಲೇ ಕೊರೆದ ಮಾಡ - ಅದೇ ಕಪಾಟು, ಅದೇ ದೀಪದ ಜಾಗ. ಜಂತಿಗೆ ಕಟ್ಟಿದ ನೆಲುವಿನಲ್ಲಿ ಹಾಲು-ಮೊಸರಿನ ಗಡಗಿ. ಬೆಕ್ಕಿಗೂ ಎಟುಕದು, ಮಕ್ಕಳಿಗೂ ಎಟುಕದು.

ಒಳಗೆ ಬೆಳಕು? ಮಾಳಿಗೆಯಲ್ಲಿ ಒಂದೆರಡು ಗವಾಕ್ಷಿ. ಮ್ಯಾಲಿಂದ ಬಿದ್ದ ದುಂಡನೆಯ ಬಿಸಿಲು ನೆಲದ ಮೇಲೆ ಎಲ್ಲಿಗೆ ಸರಿಯಿತು ಎಂಬುದನ್ನು ನೋಡಿ ಹೆಂಗಸರು ಹೊತ್ತು ಹೇಳುತ್ತಿದ್ದರು. ಅಡಗಿಮನಿಯ ಹೊಗಿಗೂ ಅದೇ ದಾರಿ. ಮಳಿ ಹನಿಯತೊಡಗಿದರೆ ‘ಗವಾಕ್ಷಿ ಮುಚ್ಚ್ರೋ!’ ಎಂಬ ಕೂಗು ಏಳುತ್ತಿತ್ತು. ಹುಡುಗರು ದಡದಡ ನಿಚ್ಚಣಿಕಿ ಏರುತ್ತಿದ್ದರು.

ಮಾಳಿಗೆ ಎಂದರೆ ಬರೀ ಸೂರಲ್ಲ, ಅದು ಇನ್ನೊಂದು ಅಂಗಳ. ಮೆಣಸಿನಕಾಯಿ, ಸಂಡಿಗಿ, ಹಪ್ಪಳ ಒಣಗುವುದು ಅಲ್ಲಿ. ಬ್ಯಾಸಗಿಯ ರಾತ್ರಿ ಮಲಗುವುದು ಅಲ್ಲಿ. ಮಾಳಿಗೆಯಿಂದ ಮಾಳಿಗೆಗೆ ದಾಟಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಜಾತ್ರಿಯ ತೇರು ನೋಡಲು ಹೆಣ್ಣುಮಕ್ಕಳಿಗೆ ಅದೇ ಗ್ಯಾಲರಿ!

ಗುಳೇದಗುಡ್ಡ, ಇಳಕಲ್ಲ, ಬನಹಟ್ಟಿ ಕಡೆಯ ನೇಕಾರರ ಮನಿಯಲ್ಲಿ ಎತ್ತಿನ ಜಾಗದಲ್ಲಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಂತು ನೇಯುವ ಕುಣಿ ಮಗ್ಗ. ಮಣ್ಣು ನೆಲದ ತಂಪಿಗೆ ನೂಲು ಬೇಗ ಹರಿಯುವುದಿಲ್ಲ ಎಂಬುದು ನೇಕಾರರ ಅನುಭವ. ಖಣ, ಸೀರಿ ಹುಟ್ಟಿದ್ದು ಕಾರಖಾನೆಯಲ್ಲಲ್ಲ, ಇಂಥ ಪಡಸಾಲಿಗಳಲ್ಲಿ. ಗಂಡ ನೇಯ್ದರೆ ಹೆಂಡತಿ ಕಂಡಿಕಿ ಸುತ್ತುವಳು. ಮನಿ ಎಂದರೆ ಅಲ್ಲಿ ದುಡಿಮೆಯ ಜಾಗವೂ ಹೌದು.

*ನೆಲದಾಗಿನ ಬ್ಯಾಂಕು*

ಮನಿಯ ದೊಡ್ಡ ಆಸ್ತಿ ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಇದ್ದದ್ದು ನೆಲದ ಕೆಳಗೆ. ಅದೇ ಹಗೇವು.

ಮನಿಯ ಮುಂದೋ, ಊರೊಳಗಿನ ದಿನ್ನೆಯಲ್ಲೋ ಗಟ್ಟಿ ಗರಸಿನ ನೆಲ ನೋಡಿ ಹಗೇವು ತೋಡುತ್ತಿದ್ದರು. ಎರಿ ಭೂಮಿ ಇದಕ್ಕೆ ಬರದು. ಅದು ಮಳಿಗೆ ಉಬ್ಬಿ ಬ್ಯಾಸಗಿಗೆ ಬಿರಿಯುತ್ತದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತಲೂ ಜೋಳದ ಕಣಕಿ, ಹುಲ್ಲು ಒತ್ತಿ, ಒಳಗೆ ಚೀಲಗಟ್ಟಲೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು, ಮೇಲೆ ಮಣ್ಣು ಮೆತ್ತಿದರೆ ಆಯಿತು. ವರ್ಷಗಟ್ಟಲೆ ಜೋಳಕ್ಕೆ ಹುಳ ಇಲ್ಲ, ಇಲಿ ಇಲ್ಲ, ಕಳ್ಳರಿಲ್ಲ.

ಔಷಧವಿಲ್ಲದೆ ಜೋಳ ಉಳಿದದ್ದು ಹೇಗೆ? ಕಾಳಿಗೂ ಉಸಿರುಂಟು. ಬಾಯಿ ಮುಚ್ಚಿದ ಹಗೇವಿನೊಳಗೆ ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಆದರೆ ಹುಳವನ್ನು ಕೊಂದ ಗಾಳಿ ಮನುಷ್ಯನನ್ನು ಬಿಟ್ಟೀತೇ? ಅದಕ್ಕೇ ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ತಾಸುಗಟ್ಟಲೆ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಅವಸರ ಮಾಡಿ ಇಳಿದು ಜೀವ ಕಳೆದುಕೊಂಡವರ ಕಥೆ ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ.

ಹಗೇವಿನ ಜೋಳಕ್ಕೆ ಒಂದು ವಾಸನಿ. ಬಣ್ಣವೂ ಮಾಸಲು. ‘ಹಗೇವಿನ ಜ್ವಾಳದ ರೊಟ್ಟಿ’ ಎಂದರೆ ಮೂಗು ಮುರಿಯುವವರೂ ಇದ್ದರು, ಅದೇ ರುಚಿ ಎನ್ನುವವರೂ ಇದ್ದರು. ಬರಗಾಲದಲ್ಲಿ ಮಾತ್ರ ಯಾರೂ ಮೂಗು ಮುರಿಯಲಿಲ್ಲ. ಮಳೆ ಕೈಕೊಡುವ ನಾಡಿನಲ್ಲಿ ಒಂದು ಸುಗ್ಗಿಯ ಕಾಳು ಮುಂದಿನ ಎರಡು ವರ್ಷ ಕಾಯಬೇಕಿತ್ತು. 1972-73ರ ಬರಗಾಲ ಕಂಡವರಿಗೆ ಹಗೇವು ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ಇಂದು? ಜೋಳದ ಹೊಲದಲ್ಲಿ ಕಬ್ಬು, ಗೋವಿನಜೋಳ. ಸುಗ್ಗಿಯಾದ ಕೂಡಲೆ ಕಾಳು ಪ್ಯಾಟಿಗೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲಂತೂ ರೇಷನ್ ಅಕ್ಕಿ ಮನಿಮನಿಗೆ. ಕಾಲುವೆ ನೀರು ಹರಿದು ನೆಲದ ತೇವ ಏರಿದ ಊರುಗಳಲ್ಲಿ ಹಗೇವು ತೋಡುವಂತೆಯೂ ಇಲ್ಲ. ಮುಚ್ಚಿದ ಹಗೇವುಗಳ ಮೇಲೆ ಕಾಂಕ್ರೀಟ್ ರಸ್ತೆ ಓಡಿದೆ. ಆದರೆ ಗಟ್ಟಿಯಾಗಿ ತುಂಬದೆ ಬರೀ ಕಲ್ಲು ಮುಚ್ಚಿ ಬಿಟ್ಟ ಹಗೇವು ಅಪಾಯದ ಗುಂಡಿ. ಮಕ್ಕಳು ಆಡುವ ಜಾಗದಲ್ಲಿ ಇಂಥವು ಇದ್ದರೆ ಮಣ್ಣು ತುಂಬಿಸುವುದು ಪಂಚಾಯತಿಯವರ ಮೊದಲ ಕೆಲಸವಾಗಬೇಕು.

*ಬೀಸುಕಲ್ಲಿನ ನಸುಕು*

ಕೋಳಿ ಕೂಗುವ ಮುಂಚೆ ಮನಿ ಏಳುತ್ತಿತ್ತು. ಏಳುತ್ತಿದ್ದದ್ದು ಯಾರು? ಸ್ವಾಸಿ! ಅತ್ತಿ ಏಳುವ ಮೊದಲು ಬೀಸುಕಲ್ಲಿನ ಮುಂದೆ ಕೂಡ್ರಬೇಕು. ಹತ್ತು-ಹನ್ನೆರಡು ಮಂದಿಯ ಮನಿಗೆ ಅಂದಂದಿನ ಹಿಟ್ಟು ಅಂದಂದೇ ಆಗಬೇಕು. ಎದುರಾ ಬದುರಾ ಇಬ್ಬರು ಕುಂತು ಗೂಟ ಹಿಡಿದು ತಿರುವುತ್ತ ಹಾಡು ತೆಗೆಯುತ್ತಿದ್ದರು. ತವರಿನ ನೆನಪು, ಅತ್ತಿಯ ಕಾಟ, ಅಣ್ಣನ ಪ್ರೀತಿ, ಶಿವನ ಸ್ಮರಣೆ ಎಲ್ಲವೂ ಆ ಹಾಡಿನಲ್ಲೇ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿ ಹೊರತಂದದ್ದು ಇಂಥ ಹೆಣ್ಣುಮಕ್ಕಳ ಬಾಯಿಂದ ಬಂದ ಹಾಡುಗಳನ್ನೇ. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಲ ಸೇರಿತು, ಹಾಡೂ ನಿಂತಿತು. ರಟ್ಟಿಗೆ ಸುಖವಾಯಿತು, ಅದನ್ನು ಮರೆಯಬಾರದು.

ಹಿಟ್ಟಾದ ಮೇಲೆ ನೀರು. ಹೊಳಿಯಿಂದಲೋ ಬಾವಿಯಿಂದಲೋ ಕೊಡಗಟ್ಟಲೆ ಹೊತ್ತು ಹರವಿ ತುಂಬಬೇಕು. ಆಮೇಲೆ ಸಗಣಿ, ಕಸ, ಒಲಿ, ರೊಟ್ಟಿ. ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಬುತ್ತಿ ಗಂಟು ಹೊತ್ತು ಹೊಲಕ್ಕೆ. ಹೊತ್ತು ಮುಳುಗುವಾಗ ದನದ ಗಂಟಿಯ ಸಪ್ಪಳದೊಂದಿಗೆ ಮತ್ತೆ ಮನಿ.

ಹಬ್ಬ ಬಂದರೆ ಮನಿಯೇ ಹಬ್ಬದ ಸಾಮಾನು! ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತು ಜಗಲಿಯ ಮೇಲೆ. ನಾಗರ ಪಂಚಮಿಗೆ ಮನಿಯ ತೊಲಿಗೇ ಹಗ್ಗ ಕಟ್ಟಿ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬಿಬ್ಬರು ನಿಂತು ಜೀಕಿದರೂ ತೊಲಿ ‘ಕಿರ್’ ಎನ್ನುತ್ತಿರಲಿಲ್ಲ. ಇಂದಿನ ಮನಿಯಲ್ಲಿ ಜೋಕಾಲಿ ಕಟ್ಟಲು ಕೊಂಡಿಯನ್ನು ಸ್ಲ್ಯಾಬ್ ಹಾಕುವಾಗಲೇ ನೆನಪಿಟ್ಟು ಬಿಡಿಸಬೇಕು. ಎಷ್ಟು ಮಂದಿ ನೆನಪಿಡುತ್ತಾರೆ?

*ಬರೀ ಹೊಗಳಿದರೆ ಸಾಕೇ?*

ಹಳೆಯದೆಲ್ಲ ಹೊನ್ನು ಎನ್ನುವವರಿಗೆ ಒಂದು ಮಾತು. ಈ ಮನಿಗಳ ಅಡಗಿಮನಿಯಲ್ಲಿ ಹೊಗಿ ತಿಂದು ಕಣ್ಣು, ಎದಿ ಕೆಡಿಸಿಕೊಂಡ ತಾಯಂದಿರ ಲೆಕ್ಕ ಇಟ್ಟವರಿಲ್ಲ. ಬಾಣಂತಿಯನ್ನು ಗಾಳಿ-ಬೆಳಕಿಲ್ಲದ ಕತ್ತಲ ಕ್ವಾಣಿಯಲ್ಲಿ ಇಡುತ್ತಿದ್ದರು. ಪಾಯಖಾನೆ ಎಂಬುದೇ ಇರಲಿಲ್ಲ; ಹೆಣ್ಣುಮಕ್ಕಳು ನಸುಕಿಗೋ ಕತ್ತಲಿಗೋ ಕಾಯಬೇಕಿತ್ತು. ಆ ಕೆತ್ತನೆಯ ತಲಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದೂ ನಿಜ. ಮನಿ ಕಟ್ಟಲು ಮಣ್ಣು ಹೊತ್ತವರು, ಸುಗ್ಗಿಗೆ ದುಡಿದವರು ಕಟ್ಟಿಯ ಕೆಳಗೇ ನಿಂತು ಬೊಗಸೆಯಲ್ಲಿ ನೀರು ಕುಡಿದು ಹೋಗಬೇಕಾಗಿತ್ತು. ಅವರ ಕೇರಿಯ ಮನಿಗೆ ಸಾಗವಾನಿ ಕಂಬವೂ ಇರಲಿಲ್ಲ, ಹಗೇವೂ ಇರಲಿಲ್ಲ. ಒಂದೇ ಅಂಕಣದ ಗುಡಿಸಲು ಅಷ್ಟೇ.

ಆದ್ದರಿಂದ ಹೊಸ ಮನಿ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ಅದಲ್ಲ. ಹಳೆ ಮನಿಯಲ್ಲಿ ಇನ್ನೂ ಇರುವವರ ಜೀವದ ಗತಿ ಏನು, ಹೊಸ ಮನಿಯಲ್ಲಿ ಹಳೆಯ ಬುದ್ಧಿಯನ್ನು ಎಷ್ಟು ಉಳಿಸಿಕೊಂಡೆವು - ಇದು ಪ್ರಶ್ನೆ.

*ನೀರು ನುಂಗಿದ್ದೆಷ್ಟು!*

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳ ಜಿಲ್ಲೆಯಿದು. ನೀರು ಕೊಟ್ಟದ್ದೂ ಉಂಟು, ಕಸಿದದ್ದೂ ಉಂಟು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲುವ ಹೊತ್ತಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು, ಹೊಳಿದಂಡೆಯ ಎಷ್ಟೋ ಹಳ್ಳಿಗಳು ಹಿನ್ನೀರಿನ ಪಾಲಾದವು. ಮಂದಿ ಮನಿ ಬಿಡುವಾಗ ಗ್ವಾಡಿ ಬಿಟ್ಟರು, ಬಾಗಿಲ ಬಿಡಲಿಲ್ಲ. ಚೌಕಟ್ಟು, ಕಂಬ, ತೊಲಿ ಬಿಚ್ಚಿ ಚಕ್ಕಡಿ-ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ನಡೆದರು. ಕೆಲವರು ಹೊಸ ಮನಿಗೆ ಹಳೆ ಬಾಗಿಲು ಕೂಡ್ರಿಸಿದರು. ಉಳಿದವರದು ವ್ಯಾಪಾರಿಗಳ ಪಾಲು. ಹಳ್ಳಿಯ ಕೆತ್ತನೆ ಬಾಗಿಲು ದೊಡ್ಡ ಶಹರದ ಹೋಟೆಲಿನಲ್ಲಿ ಶೋಭೆಗೆ ನಿಂತಿತು!

2010ರ ಕೊನೆಗೆ ಕೃಷ್ಣಾ ಎರಡನೆಯ ನ್ಯಾಯಮಂಡಳಿ ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಆ ಮಟ್ಟದೊಳಗೆ ಬರುವ ಊರಿನವರ ಪಾಡು ತ್ರಿಶಂಕು ಸ್ವರ್ಗ. ನಾಳೆ ಮುಳುಗುವ ಮನಿಗೆ ಇಂದು ಮಣ್ಣು ಹಾಕಿಸುವವರು ಯಾರು? ದುರಸ್ತಿ ಇಲ್ಲದ ಮನಿ ನೀರು ಬರುವ ಮೊದಲೇ ಮಳಿಗೆ ಬೀಳುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆಯನ್ನು ಉತ್ತರ ಕರ್ನಾಟಕ ಮರೆಯುವಂತಿಲ್ಲ. ಎಡೆಬಿಡದೆ ಸುರಿದ ಮಳೆಗೆ ಮಣ್ಣಿನ ಮನಿಗಳು ಸಾಲುಸಾಲಾಗಿ ಮಲಗಿದವು. ‘ಆಸರೆ’ ಯೋಜನೆಯಲ್ಲಿ ನವಗ್ರಾಮಗಳು ಎದ್ದವು. ಆದರೆ ಕೆಲವು ಕಡೆ ಆ ಮನಿಗಳಿಗೆ ಬೀಗ ಬಿತ್ತು. ಕಾರಣ ಕೇಳಿದರೆ ಕಟ್ಟಿಯ ಮೇಲಿನ ಮಂದಿಯ ಉತ್ತರ ಒಂದೇ: ‘ಮನಿ ಏನೋ ಕೊಟ್ರರೀ, ಎತ್ತು ಎಲ್ಲಿ ಕಟ್ಟೂದು? ಹೊಟ್ಟು-ಕಣಕಿ ಎಲ್ಲಿ ಒಟ್ಟೂದು?’

ಹತ್ತು ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಮತ್ತೆ ಅದೇ ಪಾಡು. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳನ್ನೂ ಸುತ್ತುವರಿದಳು. ಪೂರ್ತಿ ಬಿದ್ದ ಮನಿಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪೂರ್ತಿ ಬಿದ್ದದ್ದೋ, ಅರ್ಧ ಬಿದ್ದದ್ದೋ? ಈ ವರ್ಗೀಕರಣದ ಜಗಳದಲ್ಲೇ ಎಷ್ಟೋ ಮಂದಿ ಕಚೇರಿಯಿಂದ ಕಚೇರಿಗೆ ಅಲೆದರು. ಮಣ್ಣಿನ ಮನಿಗೆ ಅರ್ಧ ಬೀಳುವುದು ಎಂದರೇನು? ಇಂದು ಅರ್ಧ ಬಿದ್ದದ್ದು ಮುಂದಿನ ಮಳಿಗೆ ಪೂರ್ತಿ ಬೀಳುತ್ತದೆ!

*ಗ್ವಾಡಿ ಯಾಕ ಬೀಳತಾವ?*

ಹಿಂದೆಯೂ ಮಳೆ ಇತ್ತು, ಪ್ರವಾಹವಿತ್ತು. ಗ್ವಾಡಿ ಆಗಲೂ ಬೀಳುತ್ತಿದ್ದವು. ಆದರೆ ಇಂದು ಬೀಳಲು ಹೊಸ ಕಾರಣಗಳು ಸೇರಿವೆ.

ಒಂದು, ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ದುಡಿಯುವ ಹುಡುಗರು ಗೋವಾ, ಮಂಗಳೂರು, ಬೆಂಗಳೂರು ಸೇರಿದ್ದಾರೆ. ಅಲ್ಲಿ ಮಂದಿಯ ಮನಿ ಕಟ್ಟುತ್ತಾರೆ, ಇಲ್ಲಿ ಅವರ ಮನಿಯೇ ಸೋರುತ್ತದೆ. ಮನಿಯಲ್ಲಿ ಉಳಿದದ್ದು ಮುದುಕ-ಮುದುಕಿ. ಅವರು ಮಾಳಿಗೆ ಹತ್ತಿಯಾರೇ?

ಎರಡು, ಹಳೆ ಮಣ್ಣು ಕೆರೆಯದೆ ಅದರ ಮೇಲೇ ಹೊಸ ಮಣ್ಣು ಸುರಿಯುವುದು. ವರ್ಷವರ್ಷಕ್ಕೂ ಭಾರ ಏರಿ, ಹುಳ ಹತ್ತಿದ ಜಂತಿ ಬಾಗುತ್ತದೆ.

ಮೂರು, ಸಿಮೆಂಟಿನ ಮೋಹ. ಮಣ್ಣಿನ ಗ್ವಾಡಿಗೆ ಸಿಮೆಂಟ್ ಗಿಲಾಯ ಮಾಡಿದರೆ ಗಟ್ಟಿಯಾಯಿತು ಎಂದು ತಿಳಿಯುತ್ತಾರೆ. ನಿಜ ಸಂಗತಿ ಉಲ್ಟಾ. ಮಣ್ಣಿನ ಗ್ವಾಡಿ ಹೀರಿದ ತೇವ ಹೊರಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗಿಂದ ನೋಡಲು ಗ್ವಾಡಿ ನಯ, ಒಳಗೆ ಕೆಸರು! ಹಿಂದಿನವರ ಸುಣ್ಣ, ಸಗಣಿ-ಮಣ್ಣಿನ ಲೇಪಕ್ಕೆ ಈ ದೋಷವಿರಲಿಲ್ಲ.

ನಾಲ್ಕು, ರಸ್ತೆ. ಹಳೆ ರಸ್ತೆಯ ಮೇಲೆ ಹೊಸ ಕಾಂಕ್ರೀಟ್, ಅದರ ಮೇಲೆ ಇನ್ನೊಂದು. ರಸ್ತೆ ಏರಿತು, ಮನಿ ತಗ್ಗಿಗೆ ಬಿತ್ತು. ಮಳಿ ನೀರು ನೇರ ಗ್ವಾಡಿಯ ಬುಡಕ್ಕೆ.

ಐದು, ಹಿಸೆ. ಅಣ್ಣ-ತಮ್ಮಂದಿರು ಬ್ಯಾರೆ ಆದಾಗ ಮನಿಯೂ ಹೋಳಾಗುತ್ತದೆ. ನಡುವಿನ ಗ್ವಾಡಿ ಇಬ್ಬರದು, ಅಂದರೆ ರಿಪೇರಿಗೆ ಯಾರದೂ ಅಲ್ಲ! ಒಬ್ಬ ತನ್ನ ಪಾಲು ಕೆಡವಿ ಹೊಸತು ಕಟ್ಟಲು ಹೊರಟರೆ, ಅಲ್ಲಿಯವರೆಗೆ ಒಳಗೋಡೆಯಾಗಿದ್ದದ್ದು ಹೊರಗೋಡೆಯಾಗಿ ಮಳಿಗೆ ಮೈಯೊಡ್ಡುತ್ತದೆ. ಬೀಳುವುದು ಬಡವನಾದ ಇನ್ನೊಬ್ಬನ ಪಾಲು.

*ಪತ್ರಾಸಿನ ಬಿಸಿ*

ಮಾಳಿಗೆ ಬಿದ್ದವನು ಏನು ಮಾಡುತ್ತಾನೆ? ಕೈಯಲ್ಲಿದ್ದ ದುಡ್ಡಿಗೆ ನಾಲ್ಕು ಪತ್ರಾಸು ತಂದು ಹೊದಿಸುತ್ತಾನೆ. ಸೋರುವುದು ನಿಂತಿತು, ನಿಜ. ಆದರೆ ಏಪ್ರಿಲ್-ಮೇದಲ್ಲಿ ಆ ಪತ್ರಾಸಿನ ಕೆಳಗೆ ಅರ್ಧ ತಾಸು ಕುಂತು ನೋಡಬೇಕು. ಕೂಸು ಮಲಗುವುದಿಲ್ಲ, ಮುದುಕರು ಬೇವಿನ ಗಿಡದ ಬುಡ ಬಿಟ್ಟು ಏಳುವುದಿಲ್ಲ.

ಸರಕಾರದ ಮನಿಯೋ? 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನಿಯ ಕನಿಷ್ಠ ಅಳತೆ ಅಡಗಿಮನಿ ಸೇರಿ 25 ಚದರ ಮೀಟರು. ಅಂದರೆ ಸುಮಾರು 270 ಚದರಡಿ. ಬಯಲು ಪ್ರದೇಶಕ್ಕೆ ಕೇಂದ್ರ ಯೋಜನೆಯಂತೆ ಗೊತ್ತಾದ ನೆರವು 1 ಲಕ್ಷ 20 ಸಾವಿರ ರೂಪಾಯಿ. ಸೂರಿಲ್ಲದವನಿಗೆ ಅದು ದೊಡ್ಡ ಆಧಾರವೇ. ಆದರೆ ಎರಡೆತ್ತು, ಒಂದೆಮ್ಮಿ, ನಾಲ್ಕು ಚೀಲ ಕಾಳು, ಗಳೇಸಾಮಾನು ಇರುವ ಒಕ್ಕಲಿಗ ಅದರಲ್ಲಿ ಹಿಡಿಯುವುದು ಹೇಗೆ? ಹೊಸ ಮನಿಯ ಬೆನ್ನಿಗೆ ಮತ್ತೆ ಹಳೆಯ ಮಣ್ಣಿನ ಅಂಕಣ ಉಳಿಸಿಕೊಳ್ಳುತ್ತಾನೆ. ದನಕ್ಕೆಂದು ಉಳಿಸಿದ ಆ ಅಂಕಣದಲ್ಲೇ ಸೆಕೆಗೆ ತಾಳಲಾರದೆ ಮುದುಕಿ ಮಲಗುತ್ತಾಳೆ. ಗ್ವಾಡಿ ಬೀಳುವುದು ಅಲ್ಲೇ!

*ಆಗಬೇಕಾದದ್ದೇನು?*

ಬಿದ್ದ ಮನಿಗೆ ಪರಿಹಾರ ಉಂಟು. ಬೀಳದಂತೆ ಮಾಡಲು? ‘ಬಿದ್ದ ಮ್ಯಾಲ ರೊಕ್ಕ ಕೊಡ್ತಾರ್ರೀ, ಬೀಳದಂಗ ಮಾಡಾಕ ಒಂದು ಪುಟ್ಟಿ ಮಣ್ಣಿಗೂ ಕೊಡಂಗಿಲ್ಲ’ ಎಂಬ ಹಳ್ಳಿಗರ ಮಾತಿನಲ್ಲಿ ಬೇಸರಕ್ಕಿಂತ ಬುದ್ಧಿ ಹೆಚ್ಚು. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ, ಗ್ರಾಮ ಪಂಚಾಯತಿಯವರು ಊರ ಹಳೆ ಮನಿಗಳನ್ನು ಒಮ್ಮೆ ಸುತ್ತಿ ನೋಡಿದರೆ ಎಷ್ಟೋ ಜೀವ ಉಳಿಯುತ್ತವೆ. ಜತೆಗೆ ಒಬ್ಬ ಹಳೆ ಗೌಂಡಿ ಇದ್ದರೆ ಸಾಕು. ಹೊಟ್ಟೆ ಉಬ್ಬಿದ ಗ್ವಾಡಿ, ಮೂಲೆಯಲ್ಲಿ ಬಿಟ್ಟ ಬಿರುಕು, ಬುಡದಲ್ಲಿ ಆರದ ತೇವ, ಬಾಗಿದ ಜಂತಿ - ಈ ನಾಲ್ಕು ಗುರುತು ಕಂಡ ಮನಿಯಲ್ಲಿ ಮಳೆಗಾಲದ ರಾತ್ರಿ ಯಾರೂ ಮಲಗಬಾರದು. ಶಾಲೆಯೋ ಸಮುದಾಯ ಭವನವೋ ಆ ನಾಲ್ಕು ರಾತ್ರಿಗೆ ತೆರೆಯಬೇಕು.

ಮನಿಯವರೂ ಮಾಡಬಹುದಾದದ್ದು ಉಂಟು. ದೋಣಿಯ ಬಾಯಿ ಕಟ್ಟದಂತೆ ನೋಡುವುದು, ಗ್ವಾಡಿಯ ಬುಡಕ್ಕೆ ನೀರು ನಿಲ್ಲದಂತೆ ಗಟಾರ ತೆಗೆಯುವುದು, ಮಾಳಿಗೆಯ ಹುಲ್ಲು ಕೀಳುವುದು. ಇವಕ್ಕೆ ದುಡ್ಡು ಹೆಚ್ಚು ಬೇಡ. ಮಾಳಿಗೆಗೆ ಮಣ್ಣು ಹಾಕುವ ಕೆಲಸ ಹಿಂದೆ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಇಂದು ನಮ್ಮ ಮನಿ, ನಾಳೆ ನಿಮ್ಮ ಮನಿ. ಆ ಪದ್ಧತಿ ಪೂರ್ತಿ ಸತ್ತಿಲ್ಲ; ಓಣಿಯ ನಾಲ್ಕು ಮಂದಿ ಮನಸ್ಸು ಮಾಡಿದರೆ ಎದ್ದು ನಿಂತೀತು.

ಹಳೆ ಬದುಕನ್ನು ನೋಡಲೇಬೇಕೆನ್ನುವವರಿಗೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಸಿಮೆಂಟಿನ ಎತ್ತು, ಸಿಮೆಂಟಿನ ರೈತ, ಸಿಮೆಂಟಿನ ಹಳ್ಳಿ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಹೋಗಿ ‘ಹಿಂದ ಹಿಂಗಿತ್ತು’ ಎಂದು ನೋಡಿ ಬರುತ್ತಾರೆ. ಒಳ್ಳೆಯದೇ. ಆದರೆ ಅದೇ ಮಕ್ಕಳ ಓಣಿಯಲ್ಲಿ ಇನ್ನೂ ಎತ್ತು ಕಟ್ಟಿದ, ಇನ್ನೂ ಗವಾಕ್ಷಿಯಿಂದ ಬೆಳಕು ಬೀಳುವ ಮಾಳಿಗೆ ಮನಿ ಇದೆಯಲ್ಲ! ಅದರೊಳಗೆ ಒಬ್ಬ ಆಯಿ ಒಬ್ಬಳೇ ಇದ್ದಾಳಲ್ಲ!

ಮೋಡ ಮತ್ತೆ ಕಟ್ಟುತ್ತದೆ. ಹೊಲಕ್ಕೆ ಅದು ಬರಲೇಬೇಕು. ಅಷ್ಟರೊಳಗೆ ಆ ಆಯಿಯ ಮಾಳಿಗೆ ಮೇಲೆ ನಾಲ್ಕು ಪುಟ್ಟಿ ಸವಳು ಮಣ್ಣು ಬೀಳುತ್ತದೆಯೇ? ಸಂಬಂಧಪಟ್ಟವರು ಎಂದರೆ ಅಧಿಕಾರಿಗಳಷ್ಟೇ ಅಲ್ಲ. ಓಣಿಯ ಮಂದಿಯೂ ಹೌದು.